ಸಸಿ ಕೀಳುವ ಹೊತ್ತು

ಸಿಂಧನೂರು, ಮಸ್ಕಿ, ಲಿಂಗಸುಗೂರು. ರಾಯಚೂರು ಜಿಲ್ಲೆಯ ಈ ಮೂರು ಊರುಗಳು ಒಂದೇ ದಾರಿಯ ಮೇಲೆ ಒಂದರ ಬೆನ್ನಿಗೆ ಒಂದು ಕುಳಿತಿವೆ. ಬಳ್ಳಾರಿಯಿಂದ ಸಿರುಗುಪ್ಪದ ಮೇಲೆ ಹಾದು ಜೇವರ್ಗಿಯ ಕಡೆಗೆ ಹೋಗುವ ಹೆದ್ದಾರಿ ಇವನ್ನು ದಾರಕ್ಕೆ ಪೋಣಿಸಿದಂತೆ ಪೋಣಿಸಿದೆ. ಕೆಂಪು ಬಸ್ಸಿನಲ್ಲಿ ಕುಳಿತರೆ ಒಂದೂವರೆ ಗಂಟೆಯ ಪ್ರಯಾಣ. ಆದರೆ ಆ ಒಂದೂವರೆ ಗಂಟೆಯಲ್ಲಿ ಎರಡು ಬೇರೆ ಬೇರೆ ನಾಡುಗಳು ಕಿಟಕಿಯಾಚೆ ಸರಿದುಹೋಗುತ್ತವೆ. ಸಿಂಧನೂರಿನ ಸುತ್ತ ನೋಡಿದಲ್ಲೆಲ್ಲ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿಗಳ ಹೊಗೆ, ಸಾಲುಸಾಲು ಟ್ರ್ಯಾಕ್ಟರ್ ಅಂಗಡಿ. ಇದೆಲ್ಲ ತುಂಗಭದ್ರೆಯ ಎಡದಂಡೆ ಕಾಲುವೆಯ ಕೃಪೆ. ಮಸ್ಕಿ ಸಮೀಪಿಸುತ್ತಿದ್ದಂತೆ ಹಸಿರು ತೆಳುವಾಗಿ, ಬಂಡೆಗುಡ್ಡಗಳು ತಲೆಯೆತ್ತಿ, ಸಜ್ಜೆ, ತೊಗರಿ, ಹತ್ತಿಯ ಒಣ ಬೇಸಾಯ ಶುರುವಾಗುತ್ತದೆ.

ಎರಡೂ ಕಡೆ ಬದಲಾಗದ ನೋಟ ಒಂದೇ. ಭಾನುವಾರ ಈ ದಾರಿಯಲ್ಲಿ ಹೋದವರಿಗೆ ಅದು ಗೊತ್ತು. ಎಲ್ಲಿ ನಾಲ್ಕು ಗುಂಟೆ ಬಯಲು ಇದೆಯೋ ಅಲ್ಲಿ ಕ್ರಿಕೆಟ್ ಇದೆ. ಗಿರಣಿಯ ಒಕ್ಕಣೆ ಕಟ್ಟೆಯ ಮೇಲೆ, ಶಾಲೆಯ ಅಂಗಳದಲ್ಲಿ, ಕೊಯ್ದ ಹೊಲದ ಕೂಳೆಗಳ ನಡುವೆ. ಕ್ಯಾಂಪುಗಳ ಹುಡುಗರೂ ಆಡುತ್ತಾರೆ. ಸಿಂಧನೂರಿನ ಸೀಮೆಯಲ್ಲಿ ಕ್ಯಾಂಪ್ ಎಂದರೆ ಸೈನಿಕರದಲ್ಲ. ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳವು. ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ಬಂಗಾಳಿಗಳಿಗೆ ಸರ್ಕಾರ ಕಟ್ಟಿಕೊಟ್ಟ ಆರ್.ಎಚ್. ಕ್ಯಾಂಪುಗಳೂ ಇಲ್ಲಿವೆ. ಒಂದು ಮಡಿಯಿಂದ ಕಿತ್ತು ಇನ್ನೊಂದು ಗದ್ದೆಗೆ ಹಚ್ಚಿದ ಜನ, ಹಚ್ಚಿದಲ್ಲೇ ತೆನೆ ಬಿಟ್ಟ ಜನ.

ಆಗಸ್ಟ್ ಮೊದಲ ವಾರದ ಒಂದು ಭಾನುವಾರ ನಾನು ಹದಿಮೂರು ಮಂದಿ ಹುಡುಗರನ್ನು ಕಟ್ಟಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ನಾನು ವಿಜ್ಞಾನ ಮಾಸ್ತರ. ನಮ್ಮಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದರೆ ಆ ಕೆಲಸ ವಿಜ್ಞಾನದವರ ಹೆಗಲಿಗೆ ಬೀಳುವುದು ವಾಡಿಕೆ. ಕಾಲುವೆಗೆ ನೀರು ಬಿಟ್ಟಾಗಿತ್ತು. ಮಡಿಗಳಲ್ಲಿ ಸಸಿ ಎದ್ದು ನಿಂತಿದ್ದವು. ಮಳೆ ಮಾತ್ರ ಎಂಟು ದಿನದಿಂದ ಮುಖ ತೋರಿಸದೆ ನೆಲ ಒಣಗಿತ್ತು. ಆಟಕ್ಕೆ ಅದು ಅನುಕೂಲವೇ ಆಯಿತು.

ನಮ್ಮ ಜೊತೆ ಒಬ್ಬ ಹುಡುಗನ ತಂದೆಯೂ ಇದ್ದರು. ಐದೆಕರೆ ಲೀಜಿಗೆ ಹಿಡಿದು ಭತ್ತ ಬೆಳೆಯುವ ಮನುಷ್ಯ. ಮಗ ಎಂಟನೇ ತರಗತಿ, ಹದಿಮೂರು ವರ್ಷ. ನಮ್ಮ ಶಾಲೆಯಲ್ಲಿ, ಹಾಗೆ ನೋಡಿದರೆ ನಮ್ಮ ತಾಲೂಕಿನಲ್ಲೇ, ಅವನ ವಯಸ್ಸಿನ ಬೌಲರುಗಳು ಅವನನ್ನು ಔಟ್ ಮಾಡುವುದನ್ನು ಬಿಟ್ಟು ವರ್ಷವಾಗಿತ್ತು. ಬೆಂಗಳೂರಿನ ಒಂದು ತರಬೇತಿ ಕೇಂದ್ರದವರು ಯಾವುದೋ ಪಂದ್ಯದಲ್ಲಿ ಅವನನ್ನು ಕಂಡು, ಕೂಡಲೇ ಕಳಿಸಿ, ಹಾಸ್ಟೆಲ್ ಇದೆ, ಎಂದು ಫೋನ್ ಮಾಡಿದ್ದರು. ಶುಲ್ಕವನ್ನೂ ಹೇಳಿದ್ದರು. ಅದು ಆ ಐದೆಕರೆಯ ಒಂದು ಬೆಳೆಯ ಲಾಭಕ್ಕಿಂತ ಹೆಚ್ಚು.

"ಸರ, ಈಗ ಕಳಸ್ಲೋ, ಹತ್ತನೇತ್ತ ಮುಗಿದ ಮ್ಯಾಲ ಕಳಸ್ಲೋ? ನೀವ ಹೇಳ್ರಿ," ಎಂದರು ಬಸ್ಸು ಊರು ಬಿಡುತ್ತಲೇ.

ನಮ್ಮ ಇಲಾಖೆಯಲ್ಲಿ ಬಡ್ತಿ ಎಂದರೆ ಬಲು ಸುಲಭದ ಲೆಕ್ಕ. ಜ್ಯೇಷ್ಠತಾ ಪಟ್ಟಿಯಲ್ಲಿ ಮುಂದಿನವರು ನಿವೃತ್ತರಾಗುವ ತನಕ ಕಾಯಬೇಕು, ಅಷ್ಟೇ. ಆಟದಲ್ಲಿ ಅಂಥ ಪಟ್ಟಿಯಿಲ್ಲ. ಯಾರನ್ನು ಯಾವಾಗ ಮೇಲಿನ ಮೆಟ್ಟಿಲಿಗೆ ಹತ್ತಿಸಬೇಕು ಎಂಬುದಕ್ಕೆ ದೊಡ್ಡ ದೊಡ್ಡ ಆಯ್ಕೆಗಾರರೇ ತಲೆ ಕೆಡಿಸಿಕೊಂಡಿದ್ದಾರೆ.

ಮೊದಲ ಬಡ್ತಿ ಯಾವುದು ಗೊತ್ತೇ? ಬೆಂಗಳೂರಲ್ಲ, ರಾಯಚೂರೂ ಅಲ್ಲ. ಟೆನಿಸ್ ಚೆಂಡಿನಿಂದ ತೊಗಲಿನ ಚೆಂಡಿಗೆ ಹೋಗುವುದು. ಟೆನಿಸ್ ಚೆಂಡಿನ ತೂಕ ಸುಮಾರು 58 ಗ್ರಾಂ. ದೊಡ್ಡವರ ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ. ಒಂದೇ ವೇಗದಲ್ಲಿ ಬಂದರೆ ಎರಡನೆಯದರ ಸಂವೇಗ ಹೆಚ್ಚುಕಡಿಮೆ ಮೂರು ಪಟ್ಟು. ಟೆನಿಸ್ ಚೆಂಡು ಬಡಿದರೆ ನಗು ಬರುತ್ತದೆ, ಇದು ಬಡಿದರೆ ಬೆರಳು ಮುರಿಯುತ್ತದೆ. ಅದಕ್ಕಾಗಿಯೇ 13ರ ಒಳಗಿನ ಹುಡುಗರಿಗೆ 133ರಿಂದ 144 ಗ್ರಾಂನ ಚಿಕ್ಕ ಚೆಂಡನ್ನು ನಿಯಮದಲ್ಲೇ ಇಟ್ಟಿದ್ದಾರೆ. ನಮ್ಮ ಕಡೆ ಅದನ್ನು ಕಂಡವರು ಕಡಿಮೆ. ಇಲ್ಲಿ ಹುಡುಗರು ಹದಿನೈದರವರೆಗೆ ಟೆನಿಸ್ ಚೆಂಡಿನಲ್ಲಿ ಆಡಿ, ಎದೆಮಟ್ಟಕ್ಕೆ ಪುಟಿಯುವುದನ್ನು ಅಡ್ಡಬ್ಯಾಟಿನಿಂದ ಎತ್ತಿ ಬೀಸುವುದನ್ನು ಕೈಗೆ ಅಂಟಿಸಿಕೊಂಡು, ಆಮೇಲೆ ಒಮ್ಮೆಲೇ ದೊಡ್ಡ ಚೆಂಡಿಗೆ ಬರುತ್ತಾರೆ. ಪಿಚ್ ಎಂದರೆ ಸಿಮೆಂಟಿನ ಮೇಲೆ ಹಾಸಿದ ಮ್ಯಾಟು. ಎರೆಭೂಮಿಯಲ್ಲಿ ಬೇರೆ ದಾರಿಯೂ ಇಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗೆ ಮೊಣಕಾಲುದ್ದ ಕೆಸರು. ಮ್ಯಾಟಿನ ಮೇಲೆ ಚೆಂಡು ಹೇಳಿದ ಮಾತು ಕೇಳುತ್ತದೆ, ಪ್ರತಿಸಲವೂ ಒಂದೇ ಎತ್ತರಕ್ಕೆ ಏಳುತ್ತದೆ. ಹುಲ್ಲಿನ ಪಿಚ್ಚಿನಲ್ಲಿ ಹಾಗಲ್ಲ. ಮೇಲಿನ ಪಂದ್ಯಗಳೆಲ್ಲ ಹುಲ್ಲಿನ ಪಿಚ್ಚಿನ ಮೇಲೆ.

ಇನ್ನು ವಯಸ್ಸು. ಇದರಲ್ಲಿ ನಮ್ಮ ಸೀಮೆಯದೊಂದು ತಮಾಷೆಯಿದೆ. ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿ, ಅರ್ಧ ತರಗತಿ ಜೂನ್ 1ರಂದು ಹುಟ್ಟಿರುತ್ತದೆ! ತಾಯಿ ಬಂದು "ಕಾರಹುಣ್ಣಿಮಿ ಮುಂದ ಹುಟ್ಟ್ಯಾನ್ರಿ" ಎನ್ನುತ್ತಿದ್ದಳು, ಹೆಡ್ಮಾಸ್ತರರು ಶಾಲೆ ಸೇರಲು ವಯಸ್ಸು ಹೊಂದುವಂತೆ ಜೂನ್ 1 ಎಂದು ಬರೆಯುತ್ತಿದ್ದರು. ಈಗ ಆಸ್ಪತ್ರೆಯ ಹೆರಿಗೆ ಬಂದು ಈ ಪದ್ಧತಿ ಹೋಗುತ್ತಿದೆ. ಆದರೆ ಕ್ರಿಕೆಟ್ ಮಂಡಳಿ ಕಾಗದವನ್ನೇ ನಂಬಿ ಕೂಡುವುದಿಲ್ಲ. 16ರ ಒಳಗಿನವರ ಎಡ ಮುಂಗೈಯ ಎಕ್ಸ್-ರೇ ತೆಗೆಸುತ್ತದೆ. ಟ್ಯಾನರ್ ಮತ್ತು ವೈಟ್‌ಹೌಸ್ ಎಂಬಿಬ್ಬರ ಹೆಸರಿನ ಪದ್ಧತಿ ಅದು. ಬೆಳೆಯುವ ಮಕ್ಕಳ ಎಲುಬಿನ ತುದಿಗಳಲ್ಲಿ ಮೃದ್ವಸ್ಥಿಯ ಪಟ್ಟಿಯಿರುತ್ತದೆ. ಬೆಳವಣಿಗೆ ಮುಗಿಯುತ್ತ ಬಂದಂತೆ ಅದು ಗಟ್ಟಿಯಾಗಿ ಎಲುಬಿನಲ್ಲಿ ಒಂದಾಗುತ್ತದೆ. ಅದು ಎಷ್ಟು ಮುಚ್ಚಿದೆ ಎಂಬುದನ್ನು ನೋಡಿ ಎಲುಬಿನ ವಯಸ್ಸು ಹೇಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಎಕ್ಸ್-ರೇಗೆ ಕಾಣುವುದು ಹುಟ್ಟಿದ ದಿನವಲ್ಲ, ಬಲಿತ ಮಟ್ಟ. ಒಂದೇ ದಿನ ಹುಟ್ಟಿದ ಇಬ್ಬರು ಆರೋಗ್ಯವಂತ ಹುಡುಗರ ಎಲುಬಿನ ವಯಸ್ಸಿನಲ್ಲಿ ಒಂದೆರಡು ವರ್ಷದ ಅಂತರ ಇರಬಹುದು.

ಹದಿಮೂರನೇ ವಯಸ್ಸಿನ ರನ್ನುಗಳನ್ನು ಅಳೆಯುವಾಗ ಇದನ್ನು ನೆನಪಿಡಬೇಕು. ಬೇಗ ಮೀಸೆ ಬಂದ ಹುಡುಗ ಆ ವಯಸ್ಸಿನಲ್ಲಿ ಎಲ್ಲರನ್ನೂ ಚಚ್ಚುತ್ತಾನೆ. ಹದಿನೇಳಕ್ಕೆ ಉಳಿದವರಿಗೂ ಮೀಸೆ ಬಂದಿರುತ್ತದೆ. ನಮ್ಮ ಈ ಹುಡುಗನಿಗೆ ಮೀಸೆಯ ಸುಳಿವೂ ಇರಲಿಲ್ಲ. ಬ್ಯಾಟಿಗಿಂತ ಒಂದು ಗೇಣು ಎತ್ತರ ಹೆಚ್ಚಿದ್ದಾನೋ ಇಲ್ಲವೋ ಎನ್ನಬೇಕು. ನನಗೆ ಅವನ ಮೇಲೆ ಭರವಸೆ ಹುಟ್ಟಿದ್ದೂ ಅದಕ್ಕೇ.

ಮಸ್ಕಿಯಲ್ಲಿ ಬಸ್ಸು ಬದಲಾಯಿಸಬೇಕಾಗಿ ಬಂದು ಮುಕ್ಕಾಲು ಗಂಟೆ ಸಿಕ್ಕಿತು. ಮಂಡಾಳು ಒಗ್ಗರಣಿ, ಮಿರ್ಚಿ ತಿಂದು ಹುಡುಗರನ್ನು ಅಶೋಕನ ಶಾಸನ ನೋಡಲು ಕರೆದೊಯ್ದೆ. ಮಸ್ಕಿಗೆ ಬಂದು ಅದನ್ನು ನೋಡದೆ ಹೋಗುವ ಮಾಸ್ತರ ಮಾಸ್ತರನಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಈ ಸೀಮೆಯಲ್ಲಿ ಚಿನ್ನದ ಹಳೆಯ ಗಣಿಗಳ ಕುರುಹು ಹುಡುಕುತ್ತ ಅಲೆಯುತ್ತಿದ್ದಾಗ ಬಂಡೆಯ ಮೇಲಿನ ಈ ಅಕ್ಷರಗಳು ಅವರ ಕಣ್ಣಿಗೆ ಬಿದ್ದವು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಕಂಡದ್ದು ಇಲ್ಲಿ. ಎರಡು ಸಾವಿರ ವರ್ಷ ಕುರಿ ಕಾಯುವವರ ಕಣ್ಣೆದುರಿಗೇ ಇದ್ದದ್ದು, ಬೇರೇನನ್ನೋ ಹುಡುಕುತ್ತ ಬಂದವನಿಗೆ ಸಿಕ್ಕಿತು. ಶಾಸನ ಹೇಳುವ ಮಾತೂ ಕುತೂಹಲದ್ದೇ. ಈ ಸಿದ್ಧಿ ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬೇಡಿ, ಸಣ್ಣವನೂ ಧರ್ಮದಲ್ಲಿ ಶ್ರಮಿಸಿದರೆ ಪಡೆಯಬಲ್ಲ ಎಂಬುದು ಅದರ ತಿರುಳು. ಹುಡುಗರಿಗೆ ಅದನ್ನು ವಿವರಿಸುತ್ತಿದ್ದೆ, ಅವರ ಗಮನವೆಲ್ಲ ಬಂಡೆಗೆ ಚೆಂಡೆಸೆದು ಕ್ಯಾಚ್ ಹಿಡಿಯಬಹುದೇ ಎಂಬ ಕಡೆಗಿತ್ತು. ಗದರಿಸಿ ಬಸ್‌ಸ್ಟ್ಯಾಂಡಿಗೆ ನಡೆಸಿದೆ.

ಮಸ್ಕಿ ದಾಟಿದ ಮೇಲೆ ತಂದೆ ಮತ್ತೆ ಅದೇ ಮಾತಿಗೆ ಬಂದರು. ಹಿಂದಿನ ಸೀಟಿನಿಂದ ಹುಡುಗರೂ ಸೇರಿಕೊಂಡರು. "ಸಚಿನ್ ಹದಿನಾರಕ್ಕ ಆಡಿದ್ನಲ್ರಿ ಸರ!" ಒಬ್ಬನ ವಾದ. ನಿಜ, 1988ರ ಡಿಸೆಂಬರಿನಲ್ಲಿ ಹದಿನೈದರ ತೆಂಡೂಲ್ಕರ್ ಮೊದಲ ರಣಜಿ ಪಂದ್ಯದಲ್ಲೇ ಶತಕ ಹೊಡೆದ, ಮುಂದಿನ ನವೆಂಬರಿಗೆ ಕರಾಚಿಯಲ್ಲಿ ಟೆಸ್ಟ್ ಆಡಿದ. ಇನ್ನೊಬ್ಬ ವೈಭವ್ ಸೂರ್ಯವಂಶಿಯ ಹೆಸರೆತ್ತಿದ. ಬಿಹಾರದ ಆ ಹುಡುಗ 2024ರಲ್ಲಿ ಹದಿಮೂರು ತುಂಬುವ ಮೊದಲೇ ರಣಜಿಗೆ ಇಳಿದವನು, 2025ರ ಏಪ್ರಿಲ್ 28ರಂದು ಜೈಪುರದಲ್ಲಿ 35 ಎಸೆತಕ್ಕೆ ಐಪಿಎಲ್ ಶತಕ ಬಾರಿಸಿದವನು. ಆಗ ವಯಸ್ಸು 14.

ಹುಡುಗರು ಇವರಿಬ್ಬರನ್ನೇ ನೆನಪಿಡುತ್ತಾರೆ. ನಾನು ಲಕ್ಷ್ಮಣ್ ಶಿವರಾಮಕೃಷ್ಣನ್ ಕಥೆ ಹೇಳಿದೆ. 1983ರಲ್ಲಿ ಹದಿನೇಳನೇ ವಯಸ್ಸಿಗೆ ಟೆಸ್ಟ್ ಆಟಗಾರ. 1984ರ ಕೊನೆಗೆ ಬೊಂಬಾಯಿಯಲ್ಲಿ ಇಂಗ್ಲೆಂಡಿನ ಹನ್ನೆರಡು ವಿಕೆಟ್ ಕಿತ್ತ ಲೆಗ್‌ಸ್ಪಿನ್ನರ್. 1986ರ ಜನವರಿಯಲ್ಲಿ, ಇಪ್ಪತ್ತು ತುಂಬಿದ ಎರಡೇ ದಿನಕ್ಕೆ ಆರಂಭವಾದ ಸಿಡ್ನಿ ಟೆಸ್ಟು ಅವನ ಕೊನೆಯ ಟೆಸ್ಟಾಯಿತು. ಒಟ್ಟು ಒಂಬತ್ತು ಟೆಸ್ಟ್.

ನಮ್ಮ ಕರ್ನಾಟಕದವರೇ ಆದ ಮೂವರ ದಾರಿ ನೋಡಿದರೆ ಅವೂ ಒಂದರಂತೆ ಒಂದಿಲ್ಲ. ಭದ್ರಾವತಿಯ ವಿಶ್ವನಾಥ್ 1967ರಲ್ಲಿ ವಿಜಯವಾಡದಲ್ಲಿ ತನ್ನ ಮೊದಲ ರಣಜಿ ಪಂದ್ಯಕ್ಕೇ 230 ಹೊಡೆದರೂ ಟೆಸ್ಟ್ ಕರೆ ಬಂದದ್ದು ಎರಡು ವರ್ಷದ ಮೇಲೆ. ಕಾನಪುರದ ಆ ಪಂದ್ಯದಲ್ಲಿ ಮೊದಲು ಸೊನ್ನೆ, ಆಮೇಲೆ 137. ಕುಂಬ್ಳೆಯನ್ನು 1990ರಲ್ಲಿ ಹತ್ತೊಂಬತ್ತಕ್ಕೇ ಟೆಸ್ಟ್ ಆಡಿಸಿದರು, ಮತ್ತೆ ಕೆಳಗೆ ಕಳಿಸಿದರು. ಎರಡು ವರ್ಷ ರಣಜಿ, ದುಲೀಪ್, ಇರಾನಿ ಆಡಿ 1992ರಲ್ಲಿ ತಿರುಗಿ ಬಂದಾಗ ಬೇರೆಯೇ ಬೌಲರ್. ದ್ರಾವಿಡ್ 1991ರಲ್ಲಿ ಹದಿನೆಂಟಕ್ಕೆ ರಣಜಿ ಆಡಿ, ಲಾರ್ಡ್ಸ್ ತಲುಪಿದ್ದು 1996ರಲ್ಲಿ. ಐದು ವರ್ಷ ತಡವಾಯಿತು ಎಂದು ಆಗ ಗೊಣಗಿದವರಿದ್ದರು. ಆ ಐದು ವರ್ಷ ಆತ ಬೆಂಚಿನ ಮೇಲೆ ಕುಳಿತಿರಲಿಲ್ಲ, ಆಡುತ್ತಿದ್ದ ಎಂಬುದು ನನ್ನ ಮಟ್ಟಿಗೆ ಮುಖ್ಯ.

ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆಯಷ್ಟೆ, ನಮ್ಮ ಲಗೋರಿ ಮತ್ತು ಕ್ರಿಕೆಟ್ಟಿನ ದೂರದ ನೆಂಟ ಎನ್ನೋಣ. ಅಲ್ಲಿ ಪ್ರತಿಯೊಂದು ದೊಡ್ಡ ಕ್ಲಬ್ಬಿಗೂ ಕೆಳಗೆ ಸಿಂಗಲ್-ಎ, ಡಬಲ್-ಎ, ಟ್ರಿಪಲ್-ಎ ಎಂದು ಮೆಟ್ಟಿಲುಮೆಟ್ಟಿಲಾಗಿ ಕಿರಿಯ ತಂಡಗಳಿವೆ. ಹುಡುಗ ಯಾವ ಮೆಟ್ಟಿಲಿನಲ್ಲಿದ್ದರೂ ದಿನಾ ಆಡುತ್ತಾನೆ. ಸಾಲದ ಹುಡುಗನನ್ನು ಕೆಳಗಿಳಿಸಿದರೆ ಮಾನ ಹೋದಂತಲ್ಲ. ಅಲ್ಲಿಯೂ ಲೆಕ್ಕಾಚಾರವಿದೆ. ಒಂದು ಋತುವಿನಲ್ಲಿ 172 ದಿನ ಮೇಲಿದ್ದರೆ ಒಂದು ಪೂರ್ಣ ವರ್ಷದ ಸೇವೆ, ಅಂಥ ಆರು ವರ್ಷ ಮುಗಿದರೆ ಆಟಗಾರ ಸ್ವತಂತ್ರ. 2015ರಲ್ಲಿ ಶಿಕಾಗೋ ಕಬ್ಸ್ ಕ್ಲಬ್ಬಿನವರು ಕ್ರಿಸ್ ಬ್ರಯಾಂಟ್ ಎಂಬ ಪ್ರತಿಭಾವಂತನನ್ನು ಋತು ಆರಂಭವಾಗಿ ಎರಡು ವಾರ ಆಗುವ ಹೊತ್ತಿಗೆ ಮೇಲೆ ಕರೆದರು. ಲೆಕ್ಕ ಹಾಕಿದರೆ 171 ದಿನ! ಒಂದು ದಿನದ ಕೊರತೆಯಿಂದ ಒಂದು ವರ್ಷ ಹೆಚ್ಚು ಅವನು ಕ್ಲಬ್ಬಿನ ಕೈಯಲ್ಲೇ ಉಳಿದ. ಅವನ ಆಟ ಇನ್ನೂ ತಿದ್ದಬೇಕಿತ್ತು ಎಂದರು ಕ್ಲಬ್ಬಿನವರು. ಆತ ದೂರು ಕೊಟ್ಟ, 2020ರಲ್ಲಿ ಸೋತ.

ಈ ಕಥೆಯನ್ನು ಭತ್ತದ ರೈತರಿಗೆ ಹೇಳಿದ್ದಕ್ಕೆ ಕಾರಣವಿತ್ತು. ಮಗುವನ್ನು ಮೇಲೆ ಹತ್ತಿಸುವ ಹೊತ್ತನ್ನು ಯಾರು ಗೊತ್ತುಮಾಡುತ್ತಿದ್ದಾರೆ, ಆ ಹೊತ್ತಿನಿಂದ ಲಾಭ ಯಾರಿಗೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಅಲ್ಲಿ ಕ್ಲಬ್ಬು ತಡಮಾಡಿದರೆ ಕ್ಲಬ್ಬಿಗೆ ಲಾಭ. ಇಲ್ಲಿ ಹುಡುಗ ಬೇಗ ಬಂದಷ್ಟೂ ಹಾಸ್ಟೆಲಿಗೆ ಲಾಭ.

ಅವರು ಸುಮ್ಮನೆ ಕೇಳಿ, ಆಮೇಲೆ ತಮಗೆ ಗೊತ್ತಿದ್ದುದನ್ನು ಹೇಳಿದರು. "ಸರ, ಸಸಿ ಬಲತ್ರೂ ಕೆಟ್ಟ, ಎಳೇದಿದ್ರೂ ಕೆಟ್ಟ ಅಂತಾರ. ಆದ್ರ ಗದ್ದಿ ಕೆಸರ ಮಾಡ್ಲಾರದ ಸಸಿ ಕಿತ್ತಿಟ್ರ ಅದಕ್ಕಿಂತ ಕೆಟ್ಟ."

ಕೃಷಿ ಪುಸ್ತಕದಲ್ಲಿಯೂ ಇರುವುದು ಇದೇ. ಬೆಳೆಯ ಅವಧಿಯ ತಿಂಗಳಿಗೊಂದು ವಾರದಂತೆ ಸಸಿಯನ್ನು ಮಡಿಯಲ್ಲಿಡಬೇಕು ಎಂಬುದು ಹಳೆಯ ಲೆಕ್ಕ. ಸೋನಾ ಮಸೂರಿಯಂಥ ದೀರ್ಘಾವಧಿ ತಳಿಗೆ ನಾಲ್ಕೈದು ವಾರ. ಮಡಿಯಲ್ಲೇ ಬಲಿತುಬಿಟ್ಟರೆ ಗದ್ದೆಗೆ ಹಚ್ಚಿದ ಮೇಲೆ ತೆಂಡೆ ಒಡೆಯುವುದಿಲ್ಲ, ಬೇಗ ಸಣ್ಣ ತೆನೆ ಬಿಟ್ಟು ಮುಗಿಸಿಬಿಡುತ್ತದೆ. ಊರಿನ ಬೌಲಿಂಗನ್ನೇ ಹೊಡೆಯುತ್ತ ಹತ್ತೊಂಬತ್ತಾದ ಎಷ್ಟೋ ಶೂರರನ್ನು ನಾನು ಹಾಗೆ ಕಂಡಿದ್ದೇನೆ. ಹಾಗೆಂದು ಎಳೆಯ ಸಸಿ ಬದುಕುವುದೇ ಇಲ್ಲವೇ? ಮಡಗಾಸ್ಕರ್ ದ್ವೀಪದಲ್ಲಿ ಆನ್ರಿ ದ ಲೊಲಾನಿಯೆ ಎಂಬ ಪಾದ್ರಿ 1983ರ ಸುಮಾರಿಗೆ ರೂಪಿಸಿದ, ನಮ್ಮಲ್ಲಿ 'ಶ್ರೀ' ಪದ್ಧತಿ ಎಂದು ಕರೆಯುವ ವಿಧಾನದಲ್ಲಿ ಎಂಟು-ಹನ್ನೆರಡು ದಿನದ ಸಸಿಯನ್ನೇ ಹಚ್ಚುತ್ತಾರೆ. ಅದು ಮೂವತ್ತು ನಲವತ್ತು ತೆಂಡೆ ಒಡೆಯುವುದೂ ಉಂಟು. ಆದರೆ ಬೇರಿನ ಮಣ್ಣು ಉದುರದಂತೆ ತೆಗೆಯಬೇಕು, ಅರ್ಧ ಗಂಟೆಯೊಳಗೆ ನೆಡಬೇಕು, ಗಿಡಕ್ಕೊಂದು ಗೇಣು ಜಾಗ ಕೊಡಬೇಕು, ನೀರು ನಿಲ್ಲಿಸಬಾರದು. ಅಂದರೆ ಸಸಿಯ ವಯಸ್ಸು ಇಷ್ಟೇ ಎಂದು ಗೆರೆ ಎಳೆಯಲು ಬರುವುದಿಲ್ಲ. ಹೋಗುವ ಗದ್ದೆ ಎಂಥದು ಎಂಬುದರ ಮೇಲೆ ಅದು ನಿಂತಿದೆ. ಬೆಂಗಳೂರಿನ ಮನೆಯ ಹುಡುಗ ಹದಿಮೂರಕ್ಕೆ ದೊಡ್ಡವರ ನೆಟ್ಟಿಗೆ ಹೋದರೆ ರಾತ್ರಿ ತಾಯಿಯ ಕೈಯ ಊಟಕ್ಕೆ ಮನೆಗೆ ಬರುತ್ತಾನೆ. ಸಿಂಧನೂರಿನವನು ಬೇರನ್ನೇ ಕಿತ್ತುಕೊಂಡು ಹೋಗಬೇಕು.

ಲಿಂಗಸುಗೂರು ಬಂತು. ನಿಜಾಮರ ಕಾಲದಲ್ಲಿ, 1905ರವರೆಗೆ, ಇದೊಂದು ಜಿಲ್ಲಾ ಕೇಂದ್ರ. ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ಛಾವಣಿಯೂ ಇಲ್ಲಿತ್ತು. ಆಮೇಲೆ ರಾಯಚೂರಿಗೆ ಸೇರಿಸಿ ತಾಲೂಕಿಗೆ ಇಳಿಸಿದರು. ಊರುಗಳಿಗೂ ಬಡ್ತಿ, ಹಿಂಬಡ್ತಿ ಉಂಟು. ಮಸ್ಕಿಯಾದರೋ ಇತ್ತೀಚೆಗೆ ತಾಲೂಕಾಗಿ ಬಡ್ತಿ ಪಡೆದಿದೆ.

ಮೂವತ್ತು ಓವರಿನ ಪಂದ್ಯ. ಎದುರಾಳಿಗಳಲ್ಲಿ ನಾಲ್ಕೈದು ಮಂದಿ ಕಾಲೇಜು ಹುಡುಗರೂ ಹಟ್ಟಿ ಗಣಿಯ ಕಡೆಯಿಂದ ಬಂದ ಒಬ್ಬ ಎಡಗೈ ವೇಗಿಯೂ ಇದ್ದರು. ವೇಗಿಗೆ ಹತ್ತೊಂಬತ್ತು ಇದ್ದೀತು. ನಮ್ಮವನನ್ನು ಮೂರನೇ ಕ್ರಮಾಂಕಕ್ಕೆ ಕಳಿಸಿದೆ. ನಾಲ್ಕನೇ ಎಸೆತ ಮ್ಯಾಟಿನಿಂದ ಎದ್ದು ಅವನ ಕೈಗವಸಿಗೆ ಬಡಿಯಿತು. ತಂದೆ ಎದ್ದು ನಿಂತರು. ಐದನೆಯದು ಬ್ಯಾಟಿನ ಹೊರಗೆ ಸುಂಯ್ಯೆಂದು ಹೋಯಿತು. ನಾನು ನೋಡುತ್ತಿದ್ದದ್ದು ಅವನು ಮುಂದೇನು ಮಾಡುತ್ತಾನೆ ಎಂಬುದನ್ನು. ಅವನು ಕೈ ಜಾಡಿಸಿ, ಅಂಪೈರನ್ನು ಕೇಳಿ ಹೊಸದಾಗಿ ಗಾರ್ಡ್ ತೆಗೆದುಕೊಂಡು, ಸ್ಟಂಪಿನ ಕಡೆ ಅರ್ಧ ಹೆಜ್ಜೆ ಹಿಂದೆ ಸರಿದು ನಿಂತ. ಮುಂದಿನ ಓವರಿನಲ್ಲಿ ಅದೇ ಚೆಂಡನ್ನು ಕಾಲಬುಡಕ್ಕೆ ಕೆಡವಿದ. ಅದರ ಮುಂದಿನದರಲ್ಲಿ ಹಿಂಗಾಲಿನ ಮೇಲೆ ಕವರ್ ಕಡೆಗೆ ತಳ್ಳಿ ಎರಡು ರನ್ ಓಡಿದ. ಒಟ್ಟು 23 ರನ್. ಆ ವಾರ ನಮ್ಮ ತಾಲೂಕಿನಲ್ಲಿ ಅವನು 90 ಹೊಡೆದಿದ್ದ. ಅದರಲ್ಲಿ ಕಲಿಯದ್ದನ್ನು ಈ 23ರಲ್ಲಿ ಕಲಿತ.

ಅಂದರೆ ಅವನಿಗೆ ಮೇಲಿನ ಮೆಟ್ಟಿಲು ಬೇಕಾಗಿದೆ. ನಮ್ಮ ಮಡಿಯಲ್ಲಿ ಅವನಿಗೆ ಇನ್ನು ಉಳಿದದ್ದಿಲ್ಲ. ಆದರೆ ಆ ಮೆಟ್ಟಿಲು ನಾನೂರು ಕಿಲೋಮೀಟರ್ ದೂರದಲ್ಲೇ ಇರಬೇಕೆಂದಿಲ್ಲ, ಲಿಂಗಸುಗೂರಿನಲ್ಲೂ ಇರಬಹುದು. ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯದಲ್ಲಿ ರಾಯಚೂರಿನ ಜೊತೆ ಬಳ್ಳಾರಿ, ಕೊಪ್ಪಳ, ಕಲಬುರಗಿ, ಬೀದರ್, ಯಾದಗಿರಿ ಸೇರಿವೆ. 14ರ ಒಳಗಿನವರ, 16ರ ಒಳಗಿನವರ ವಲಯ ತಂಡಗಳ ಪಂದ್ಯಗಳಿವೆ. ಅಷ್ಟು ದೊಡ್ಡ ಸೀಮೆಗೆ ಹನ್ನೊಂದೇ ಜಾಗ ಎಂಬುದು ನ್ಯಾಯವೇ ಎಂಬ ಪ್ರಶ್ನೆ ಬೇರೆ. ಆದರೂ ಅಲ್ಲಿ ಆಡಿದ ಹುಡುಗನನ್ನು ಬೆಂಗಳೂರು ತಾನೇ ಕರೆಯುತ್ತದೆ.

ಗದಗಿನ ಸುನಿಲ್ ಜೋಶಿ ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ತಿರುಗಿ ಗದಗಿಗೆ ಬಂದು ಶಾಲೆಗೆ ಹೋಗುತ್ತಿದ್ದವರು. 1996ರಲ್ಲಿ ಟೆಸ್ಟ್ ಆಡಿದಾಗ 26. ನಮ್ಮ ರಾಯಚೂರಿನಲ್ಲೇ 1971ರಲ್ಲಿ ಹುಟ್ಟಿದ ಯರೇಗೌಡರ ಕಥೆಯನ್ನಂತೂ ಈ ಕಡೆಯ ಪ್ರತಿ ಶಾಲೆಯಲ್ಲೂ ಹೇಳಬೇಕು. 90ರ ದಶಕದ ಮಧ್ಯದಲ್ಲಿ ಕರ್ನಾಟಕದ ಬ್ಯಾಟಿಂಗಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ಕಾಯುತ್ತ ಕೂಡದೆ ರೈಲ್ವೇಸ್ ತಂಡಕ್ಕೆ ಹೋದರು. ಮೇಲಕ್ಕಲ್ಲ, ಪಕ್ಕಕ್ಕೆ ಹೋದರು ಎನ್ನಿ. ಅಲ್ಲಿ ಜಾಗವಿತ್ತು, ಆಡಿದರು. 2001-02ರಲ್ಲಿ, ಮತ್ತೆ 2004-05ರಲ್ಲಿ ರೈಲ್ವೇಸ್ ರಣಜಿ ಟ್ರೋಫಿ ಗೆದ್ದಾಗ ಆ ತಂಡದ ಬೆನ್ನೆಲುಬು ಅವರು. ಕೊನೆಗೆ ಕರ್ನಾಟಕಕ್ಕೆ ಮರಳಿ ನಾಯಕರೂ ಆದರು. ಭಾರತದ ಟೋಪಿ ಸಿಗಲಿಲ್ಲ. ಸಿಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಆಟ ಮುಗಿದು ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿರುವಾಗ ತಂದೆ ಬೆಂಗಳೂರಿನ ಆ ಕೇಂದ್ರಕ್ಕೆ ಫೋನ್ ಹಚ್ಚಿದರು. ನಾನು ಎರಡು ಪ್ರಶ್ನೆ ಹೇಳಿಕೊಟ್ಟಿದ್ದೆ: ವರ್ಷಕ್ಕೆ ಹುಡುಗನಿಗೆ ಎಷ್ಟು ಪಂದ್ಯ ಆಡಿಸುತ್ತೀರಿ? ಯಾವ ಶಾಲೆಗೆ ಸೇರಿಸುತ್ತೀರಿ? ಆ ಕಡೆಯವರು ಬಹಳ ಮರ್ಯಾದೆಯಿಂದಲೇ ಮಾತಾಡಿದರು. ನೆಟ್ ದಿನಾ ಎರಡು ಹೊತ್ತು ಇದೆ, ಪಂದ್ಯ ಮುಂದೆ ನೋಡೋಣ, ಶಾಲೆಗೆ ಪರೀಕ್ಷೆ ಬರೆದರೆ ಸಾಕು, ವ್ಯವಸ್ಥೆಯಾಗುತ್ತದೆ.

ತಂದೆ ಮೊಬೈಲನ್ನು ಅಂಗಿಯ ಜೇಬಿಗೆ ಇಳಿಸಿ, "ಗದ್ದಿ ಇನ್ನಾ ಕೆಸರಾಗಿಲ್ಲ ಸರ," ಎಂದರು.

ಹಾಗಾದರೆ ಹತ್ತನೆಯದು ಇಲ್ಲೇ. ನಡುವೆ ವಲಯದ 16ರ ಒಳಗಿನವರ ಆಯ್ಕೆಗೆ ರಾಯಚೂರಿಗೆ ಹೋಗಿ ಬರುವುದು, ಅದಕ್ಕೆ ಬಸ್ ಚಾರ್ಜು ಸಾಕು. ವಲಯದವರು ಆಡಿಸಿದರೆ ಹತ್ತು ಮುಗಿಯುವ ತನಕವೂ ಕಾಯಬೇಕಿಲ್ಲ. 2024ರ ಮಾರ್ಚಿಗೆ ಸಿಂಧನೂರಿಗೆ ರೈಲು ಬಂದಿದೆ, ಕಿಟ್ ಬ್ಯಾಗ್ ಸಹಿತ ಹತ್ತಿಸಿದರಾಯಿತು. ಅವನ ಜನನ ಪತ್ರ ಆಸ್ಪತ್ರೆಯದು, ಜೂನ್ 1ರದಲ್ಲ, ಎಕ್ಸ್-ರೇಗೂ ಹೆದರಬೇಕಿಲ್ಲ. ಅಲ್ಲಿಯವರೆಗೆ ತಿಂಗಳಿಗೆರಡು ಸಲ ದೊಡ್ಡವರ ಜೊತೆ ಆಟ. ಎರಡು ವಾರದ ಮೇಲೆ ಲಿಂಗಸುಗೂರಿನವರು ಸಿಂಧನೂರಿಗೆ ಬರುವುದೆಂದು ಮಾತಾಯಿತು. ಹಟ್ಟಿಯ ಆ ಎಡಗೈಯವನೂ ಬರುತ್ತಾನಂತೆ. ಅದನ್ನು ನಮ್ಮ ಹುಡುಗ ನನಗಿಂತ ಮೊದಲೇ ಅವನ ಹತ್ತಿರ ಹೋಗಿ ಕೇಳಿಕೊಂಡು ಬಂದಿದ್ದ.